ಮಾತಾಡುವ ದನಿಯಲ್ಲೇ ಹಾಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ವಾರದ ಸಂಜೆಗಳಲ್ಲಿ, ಚಿಕ್ಕಮಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಭಾವಗೀತೆ ಮತ್ತು ಸಿನಿಮಾ ಹಾಡು ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ, ಫೋನಿನಲ್ಲಿ, ಬೇಲೂರಿನ ಮೇಲೆ ಹೋಗುವ ಬಸ್ಸಿನಲ್ಲಿ, ಮದುವೆಮನೆಯ ಊಟದ ಸಾಲಿನಲ್ಲಿ ಕೂಡ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಬರೆದುಕೊಂಡಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಶುರು ಮಾಡುವವರಿಗೆ

ಮೇಡಂ, ನಂದು ಹಾಡೋ ಕಂಠಾನೇ ಅಲ್ಲ ಅಂತಾರೆ. ಕಲಿಯೋಕೆ ಆಗುತ್ತಾ?

ಹಾಗಂದವರು ಯಾರು ಅಂತ ನಾನು ಮೊದಲು ಕೇಳುತ್ತೇನೆ. ಬಹಳ ಸಲ ಮನೆಯವರೇ ಆಗಿರುತ್ತಾರೆ. ಒಂದು ಸಣ್ಣ ಪರೀಕ್ಷೆ ಮಾಡಿ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಅದರ ಜೊತೆ ಬಾಯಿ ಮುಚ್ಚಿಕೊಂಡು 'ಮ್' ಅನ್ನಿ. ದನಿ ಸೇರಲಿಲ್ಲ ಅಂದರೆ ಪರವಾಗಿಲ್ಲ. ಸೇರಲಿಲ್ಲ ಅನ್ನೋದು ನಿಮಗೆ ಗೊತ್ತಾಯಿತಾ? ಗೊತ್ತಾಗಿದ್ದರೆ ಕಿವಿ ಸರಿ ಇದೆ, ಕಲಿಯಬಹುದು. ಕಂಠ ಆಮೇಲೆ ಬರುತ್ತದೆ.

ಸಹಜವಾಗಿ ಹಾಡು ಅಂತೀರಿ. ಸಹಜ ಅಂದ್ರೆ ಏನೂ ಕಲೀದೆ ಹಾಡೋದಾ?

ಅಲ್ಲ. ಆದರೆ ಈ ಅನುಮಾನ ಯಾಕೆ ಬರುತ್ತದೆ ಅಂತ ನನಗೆ ಗೊತ್ತು. ಮಲೆನಾಡಿನಲ್ಲಿ ದೀಪಾವಳಿ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುತ್ತಾರೆ. ಚಳಿ, ಕತ್ತಲೆ, ಏರು, ಇಳಿಜಾರು, ಮೈಕ್ ಇಲ್ಲ. ಬೆಳಗಿನ ತನಕ ಹಾಡಿದರೂ ಹಿರಿಯರ ದನಿ ಕೂರುವುದಿಲ್ಲ. ಅವರು ಕಲಿತಿಲ್ಲ ಅನ್ನೋದು ತಪ್ಪು. ಹತ್ತು ವರ್ಷ ಹಿಮ್ಮೇಳದಲ್ಲಿ ನಡೆದೇ ಮುಂದಕ್ಕೆ ಬಂದಿರುತ್ತಾರೆ. ಅವರಿಗೆ ಹಾಡು ಅಂದರೆ ಎಳೆದು ಆಡಿದ ಮಾತು, ಅಷ್ಟೆ.

ನಾವು ಹಾಗಲ್ಲ. 'ಒಂದು ಹಾಡು ಹೇಳಿ' ಅಂದ ಕೂಡಲೇ ಗಂಟಲು ಬಿಗಿ ಮಾಡುತ್ತೇವೆ, ಗಲ್ಲ ಎತ್ತುತ್ತೇವೆ, ಎಲ್ಲಿಂದಲೋ ಬೇರೆಯವರ ದನಿ ತಂದು ಹಾಕಿಕೊಳ್ಳುತ್ತೇವೆ. ನಾನು ಹೇಳಿಕೊಡುವುದರಲ್ಲಿ ಅರ್ಧ ಭಾಗ ಇದನ್ನು ಬಿಡಿಸುವುದೇ. ಗಂಡಸರ ಮಾತಿನ ದನಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ ಕಂಪಿಸುತ್ತದೆ, ಹೆಂಗಸರದು 200ರ ಆಸುಪಾಸು. ಹಾಡು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಅಲ್ಲಿಗೆ ಹೋದಾಗಲೂ ಮಾತಿನಲ್ಲಿದ್ದ ಸಡಿಲ ಉಳಿಯಬೇಕು. ಅದು ತಾನಾಗಿ ಆಗಲ್ಲ, ಸಾಧನೆ ಬೇಕು.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಪಲ್ಲವಿಯ ಮೊದಲ ಸಾಲನ್ನು ಎದುರಿಗಿರುವವರಿಗೆ ಹೇಳುವ ಹಾಗೆ ಹೇಳಿ. ಅದೇ ಸಾಲನ್ನು ಗದ್ದೆಯ ಆಚೆ ಇರುವವರಿಗೆ ಕೇಳಿಸುವ ಹಾಗೆ ಎಳೆದು ಹೇಳಿ. ಆಮೇಲೆ ರಾಗಕ್ಕೆ ಹಾಕಿ. ಮೂರನೇ ಸಲ ಮುಖ ಬದಲಾಯಿತಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ.

ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ನನ್ನ ದನಿ ನಂದೇ ಅನ್ಸಲ್ಲ. ಫೋನ್ ಸರಿ ಇಲ್ವಾ?

ಫೋನ್ ಸರಿ ಇದೆ. ನೀವು ಹಾಡುವಾಗ ದನಿ ಗಾಳಿಯಲ್ಲಿ ಕಿವಿಗೆ ಬರುತ್ತದೆ, ತಲೆಬುರುಡೆಯ ಮೂಳೆಯಲ್ಲೂ ಬರುತ್ತದೆ. ಮೂಳೆಯಲ್ಲಿ ಬಂದದ್ದು ದಪ್ಪಗೆ, ತುಂಬಿದ ಹಾಗೆ ಕೇಳಿಸುತ್ತದೆ. ಅದು ನಿಮಗೆ ಮಾತ್ರ ಕೇಳಿಸುವ ದನಿ. ಊರಿಗೆ ಕೇಳಿಸೋದು ಫೋನಿನಲ್ಲಿರೋದೇ. ಎರಡು ವಾರ ದಿನಾ ಕೇಳಿ, ಅಭ್ಯಾಸ ಆಗುತ್ತದೆ.

ನನ್ನ ಶ್ರುತಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಶ್ರುತಿ ಅಂದರೆ ನಿಮ್ಮ 'ಸ' ನಿಲ್ಲುವ ಎತ್ತರ, ಅದನ್ನು ಮನೆ ಅಂತ ಎಣಿಸುತ್ತೇವೆ. ನಮ್ಮ ಕಡೆ ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆಯ ಒಳಗೆ, ಹೆಂಗಸರು ನಾಲ್ಕೂವರೆಯಿಂದ ಆರರ ಒಳಗೆ ಹಾಡುತ್ತಾರೆ. ಕೀಬೋರ್ಡಿನವರ ಮಾತಿನಲ್ಲಿ ಒಂದು ಮನೆ ಅಂದರೆ ಸಿ, ಒಂದೂವರೆ ಅಂದರೆ ಸಿ ಶಾರ್ಪ್, ಐದು ಅಂದರೆ ಜಿ. ಆದರೆ ಸಿನಿಮಾ ಹಾಡಿಗೆ ಈ ಲೆಕ್ಕ ಪೂರ್ತಿ ಸಾಲದು. ಹಾಡಿನ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಎರಡೂ ನಿಮಗೆ ದಕ್ಕಬೇಕು. ಕರೋಕೆ ಟ್ರ್ಯಾಕನ್ನು ಮೊಬೈಲಿನಲ್ಲೇ ಅರ್ಧರ್ಧ ಮನೆ ಇಳಿಸಬಹುದು. ಇಳಿಸಿಕೊಂಡರೆ ಮರ್ಯಾದೆ ಹೋಗುತ್ತೆ ಅಂತ ನಮ್ಮ ಹುಡುಗರಿಗೆ ಒಂದು ಭ್ರಮೆ ಇದೆ. ಬೇರೆಯವರ ಅಳತೆಯ ಅಂಗಿ ಹಾಕಿಕೊಂಡು ಸ್ಟೇಜಿನಲ್ಲಿ ಗುಂಡಿ ಕಿತ್ತುಹೋಗುವುದಕ್ಕಿಂತ ಟೈಲರ್ ಹತ್ತಿರ ಹೋಗುವುದು ವಾಸಿ, ಅಲ್ವಾ?

ಸಿನಿಮಾ ಹಾಡಿಗೂ ಶಾಸ್ತ್ರೀಯ ಸಂಗೀತ ಕಲೀಲೇಬೇಕಾ?

ಕಲಿತರೆ ಒಳ್ಳೆಯದು. ಕಲಿಯಲೇಬೇಕು ಅಂತಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ ಊರು, ಅಂಥ ಜಿಲ್ಲೆಯಲ್ಲಿ ಕೂತು ಸರಳೆ ವರಸೆಯಂಥ ಮೊದಲ ಪಾಠ ಬೇಡ ಅನ್ನಲು ನನಗೆ ಬಾಯಿ ಬರಲ್ಲ. ಶ್ರುತಿ, ತಾಳ, ಗಮಕ (ಸ್ವರವನ್ನು ಬಳುಕಿಸುವುದು) ಅಲ್ಲಿ ಸಿಗುವ ಹಾಗೆ ಬೇರೆಲ್ಲೂ ಸಿಗಲ್ಲ. ಇತ್ತ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕ್ರಮವಾಗಿ ಶಾಸ್ತ್ರೀಯ ಸಂಗೀತ ಕಲಿಯದೆಯೇ ಅಷ್ಟು ಎತ್ತರಕ್ಕೆ ಹೋದರು. ಶಾಸ್ತ್ರೀಯ ಕಲಿತವರು ಭಾವಗೀತೆಗೆ ಬಂದಾಗ ಒಂದು ತೊಡಕು ಆಗುತ್ತದೆ. ಅಕಾರಕ್ಕೆ ಬಾಯಿ ಅಗಲ ತೆರೆದು ಅಭ್ಯಾಸ, ಸಾಲಿಗೆ ಎರಡು ಗಮಕ ಹಾಕದಿದ್ದರೆ ಸಮಾಧಾನ ಇಲ್ಲ. ಕವಿತೆ ಅಡಿಯಲ್ಲಿ ಸಿಕ್ಕಿ ಒದ್ದಾಡುತ್ತದೆ. ಅವರಿಗೆ ನಾನು ಒಂದು ತಿಂಗಳು ಗಮಕ ಬಿಡಿಸಿ ಬರೀ ಸಾಲು ಓದಿಸುತ್ತೇನೆ. ಕೋಪ ಮಾಡಿಕೊಳ್ಳುತ್ತಾರೆ.

## ಉಸಿರು, ಗಂಟಲು, ನಾಲಿಗೆ

ಹೊಟ್ಟೆಯಿಂದ ಹಾಡು ಅಂತಾರಲ್ಲ, ಹೊಟ್ಟೆಯಿಂದ ದನಿ ಹೇಗೆ ಬರುತ್ತೆ?

ಬರಲ್ಲ. ದನಿ ಹುಟ್ಟುವುದು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ, ಧ್ವನಿಮಡಿಕೆ ಅನ್ನುವ ಎರಡು ಪುಟ್ಟ ಮಡಿಕೆಗಳ ನಡುವೆ. ಅವುಗಳ ಉದ್ದ ಹೆಂಗಸರಲ್ಲಿ ಸುಮಾರು 12ರಿಂದ 17 ಮಿಲಿಮೀಟರ್, ಗಂಡಸರಲ್ಲಿ 17ರಿಂದ 25. ಆರು ಮನೆಯ ಷಡ್ಜ, ಅಂದರೆ 'ಸ', ಹಿಡಿದ ಹುಡುಗಿಯ ಗಂಟಲಿನಲ್ಲಿ ಅವು ಸೆಕೆಂಡಿಗೆ 220 ಸಲ ಬಡಿದುಕೊಳ್ಳುತ್ತವೆ. ಇಷ್ಟು ಸಣ್ಣ ವಸ್ತುವಿಗೆ ಬೇಕಾದ ಗಾಳಿಯೂ ಸ್ವಲ್ಪವೇ.

ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಸ್ನಾಯು ಇದೆ. ಉಸಿರು ಎಳೆದಾಗ ಅದು ಕೆಳಗಿಳಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಹಾಡುವಾಗ ಅದು ಒಮ್ಮೆಗೇ ಮೇಲೇರದ ಹಾಗೆ ತಡೆದು ತಡೆದು ಬಿಡಬೇಕು. 'ಹೊಟ್ಟೆಯಿಂದ' ಅನ್ನುವುದರ ಅರ್ಥ ಇಷ್ಟೇ. ನಮ್ಮಲ್ಲಿ ಹೆಚ್ಚಿನವರ ತೊಂದರೆ ಉಸಿರು ಸಾಲದ್ದಲ್ಲ, ಜಾಸ್ತಿ ತುಂಬಿಕೊಳ್ಳುವುದು. ಭುಜ ಕಿವಿಗೆ ತಾಗುವಷ್ಟು ಎಳೆದುಕೊಂಡರೆ ಒಳಗಿನ ಗಾಳಿ ಹೊರಗೆ ತಳ್ಳುತ್ತದೆ, ತಡೆಯಲು ಗಂಟಲು ಬಿಗಿಯುತ್ತದೆ. ಕುಕ್ಕರ್ ಕೂಗುವ ಮೊದಲು 'ಸ್ಸ್' ಅನ್ನುತ್ತಲ್ಲ, ಆ ಸದ್ದನ್ನು ಒಂದೇ ಸಮನೆ ಹದಿನೈದು ಎಣಿಸುವವರೆಗೆ ಬಿಡಿ. ಎರಡು ವಾರಕ್ಕೆ ಇಪ್ಪತ್ತೈದು ಆಗುತ್ತದೆ. ಅದಕ್ಕಿಂತ ಬೇಕಾಗಿಲ್ಲ, ನಮ್ಮ ಹಾಡಿನ ಸಾಲುಗಳೇ ಅಷ್ಟು ಉದ್ದ ಇರಲ್ಲ.

ಮೇಲಿನ ಸ್ವರಕ್ಕೆ ಹೋದ್ರೆ ಕತ್ತಿನ ನರ ಎಲ್ಲ ಎದ್ದು ನಿಲ್ತವೆ. ಏನು ಮಾಡ್ಲಿ?

ಕತ್ತಿನ ಮುಂದಿನ ಉಬ್ಬಿನ ಮೇಲೆ ಒಂದು ಬೆರಳು ಇಟ್ಟುಕೊಂಡು ಗುಟುಕು ನೀರು ನುಂಗಿ. ಉಬ್ಬು ಮೇಲಕ್ಕೆ ಹಾರಿ ಕೆಳಗೆ ಬರುತ್ತದೆ. ಈಗ ಬೆರಳು ಅಲ್ಲೇ ಇರಲಿ, ಹಾಡಿನ ಎತ್ತರದ ಸಾಲು ಹಾಡಿ. ನುಂಗುವಾಗ ಏರಿದಷ್ಟೇ ಏರಿದರೆ, ನೀವು ನುಂಗುವ ಸ್ನಾಯುಗಳನ್ನು ಹಾಡಲು ಬಳಸುತ್ತಿದ್ದೀರಿ. ಅನ್ನ ಇಳಿಯುವಾಗ ದಾರಿ ಮುಚ್ಚುವುದು ಅವುಗಳ ಕೆಲಸ. ಹಾಡುವಾಗಲೂ ಅದನ್ನೇ ಮಾಡುತ್ತವೆ.

ಸ್ವರ ಏರುವುದು ಜೋರಿನಿಂದಲ್ಲ. ಆ ಪುಟ್ಟ ಮಡಿಕೆಗಳು ಎಳೆದುಕೊಂಡು ತೆಳ್ಳಗಾದಾಗ ಸ್ವರ ಏರುತ್ತದೆ, ತಂಬೂರಿ ತಂತಿ ಬಿರಿ ಮಾಡಿದ ಹಾಗೆ. ಅದಕ್ಕೇ ಎತ್ತರದ ಸಾಲನ್ನು ಮೊದಲು ಮೆಲ್ಲಗೆ ಹಾಡಿ ಕಲಿಯಬೇಕು. ಸಾಹಿತ್ಯ ಬಿಟ್ಟು 'ಗೂ ಗೂ ಗೂ' ಅಂತ ಅದೇ ರಾಗ ಹಾಡಿ. ಪೆದ್ದು ಪೆದ್ದಾಗಿ ಕೇಳಿಸುತ್ತದೆ, ಕೇಳಿಸಲಿ. 'ಊ'ಕಾರಕ್ಕೆ ಗಂಟಲು ತಾನಾಗಿ ಇಳಿಯುತ್ತದೆ. ಹತ್ತು ಸಲ ಆದ ಮೇಲೆ ಸಾಹಿತ್ಯ ಹಾಕಿ.

ಇದರ ಉಲ್ಟಾ ತಪ್ಪೂ ಇದೆ. ಗಂಭೀರವಾಗಿ ಕೇಳಿಸಲಿ ಅಂತ ಗಂಟಲನ್ನು ಬೇಕಂತ ಕೆಳಗೆ ಒತ್ತಿ ಹಿಡಿಯುವುದು. ಆಗ ಗುಡಾಣದೊಳಗೆ ಬಾಯಿಟ್ಟು ಮಾತಾಡಿದ ಹಾಗಾಗುತ್ತದೆ. ಅಮೆರಿಕದ ಗಾಯನ ಶಿಕ್ಷಕ ಸೆತ್ ರಿಗ್ಸ್ ಗಂಟಲು ಮಾತಾಡುವಾಗ ಎಲ್ಲಿರುತ್ತದೋ ಅಲ್ಲೇ ಇರಲಿ ಅಂತ ಇಡೀ ಒಂದು ಪದ್ಧತಿ ಕಟ್ಟಿದರು, ಅದಕ್ಕೆ ಮಾತಿನ ಮಟ್ಟದ ಹಾಡುಗಾರಿಕೆ ಅಂತಲೇ ಹೆಸರು. ಕಲಿಯುವವರಿಗೆ ಅದು ಒಳ್ಳೆಯ ದಾರಿ. ಆದರೆ ಎತ್ತಿ ಕೂಗಿ ಹಾಡುವ ಜಾನಪದದಲ್ಲಿ ಗಂಟಲು ಒಂದಿಷ್ಟು ಏರಿಯೇ ಏರುತ್ತದೆ. ಏರಿದ ಮಾತ್ರಕ್ಕೆ ತಪ್ಪಲ್ಲ, ಬಿಗಿದರೆ ತಪ್ಪು.

ಒಂದು ಕಡೆ ಬಂದ ಕೂಡ್ಲೆ ದನಿ ಒಡೆದು ಸಣ್ಣಗಾಗುತ್ತೆ. ಕಳ್ಳದನಿ ಬಳಸಿದ್ರೆ ಮೋಸ ಅಲ್ವಾ?

ಮೋಸ ಅಂತ ಯಾರು ಹೇಳಿದರೋ! ಕೆಳಗಿನ ಸ್ವರದಲ್ಲಿ ಮಡಿಕೆಗಳು ದಪ್ಪಗೆ, ಪೂರ್ತಿ ಮೈ ಸೇರಿಸಿ ಬಡಿಯುತ್ತವೆ. ಎದೆಯ ಮೇಲೆ ಕೈಯಿಟ್ಟರೆ ಅದರುವುದು ಗೊತ್ತಾಗುತ್ತದೆ. ಮೇಲೆ ಹೋದ ಹಾಗೆ ಬರೀ ಅಂಚು ಸೇರುತ್ತದೆ. ಮೊದಲನೆಯದು ಎದೆದನಿ, ಎರಡನೆಯದು ತಲೆದನಿ. ಅಂಚು ಸರಿಯಾಗಿ ಸೇರದೆ ಗಾಳಿ ಸೋರಿದಾಗ ಅದನ್ನೇ ಕಳ್ಳದನಿ ಅನ್ನುತ್ತೇವೆ. ಗಂಡಸರಿಗೆ ಈ ದಾಟು ಬರುವುದು ಸಾಮಾನ್ಯವಾಗಿ ಕೀಬೋರ್ಡಿನ ನಡುವಿನ ಸಿ ದಾಟಿದ ಮೇಲೆ ಬರುವ ಇ, ಎಫ್ ಸುತ್ತ. ಹೆಂಗಸರಲ್ಲಿ ಎದೆದನಿಯನ್ನೇ ಎಳೆದುಕೊಂಡು ಹೋದರೆ ಅದರ ಮೇಲಿನ ಎ ಹತ್ತಿರ ಸಿಕ್ಕಿಕೊಳ್ಳುತ್ತದೆ.

ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಬಸ್ಸಿಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತದೆ. ಒಳ್ಳೆಯ ಡ್ರೈವರ್ ಏರಿನಲ್ಲಿ ಎಂಜಿನ್ ನರಳುವ ತನಕ ಕಾಯಲ್ಲ, ತಿರುವಿಗೆ ಮುಂಚೆಯೇ ಗೇರ್ ಬದಲಿಸುತ್ತಾನೆ, ಮುಂದೆ ಕೂತವರ ನಿದ್ದೆ ಕೆಡಲ್ಲ. ನಾವು ಟಾಪ್ ಗೇರಿನಲ್ಲೇ ಏರುತ್ತೇವೆ, ತಿರುವಿನ ಮಧ್ಯೆ ಗಡಗಡ ಅನ್ನಿಸುತ್ತೇವೆ.

ಅಭ್ಯಾಸ ಹೀಗೆ. ಆಂಬುಲೆನ್ಸ್ ಸೈರನ್ನಿನ ಹಾಗೆ 'ಊ' ಅಂತ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿ. ಮೇಲಿನಿಂದ ಇಳಿಯುವುದು ಹೆಚ್ಚು ಮಾಡಿ. ತೆಳು ದನಿಯನ್ನು ಕೆಳಗೆ ತಂದಷ್ಟೂ ಎರಡೂ ಒಂದರೊಳಗೊಂದು ಬೆರೆಯುತ್ತವೆ. ಒಡೆಯುವ ಜಾಗದಲ್ಲಿ ಜೋರು ಮಾಡಬೇಡಿ, ತಗ್ಗಿಸಿ. ಮೂರು ತಿಂಗಳಾದರೂ ಬೇಕು. ನನಗೆ ಒಂದು ವರ್ಷ ಹಿಡಿಯಿತು.

ಯೂಟ್ಯೂಬಲ್ಲಿ ಸ್ಟ್ರಾ ಕಚ್ಚಿಕೊಂಡು ಹಾಡ್ತಾರಲ್ಲ, ಅದು ನಿಜಾನಾ?

ನಿಜ. ಎಳನೀರಿನ ಸ್ಟ್ರಾ ತುಟಿಯಲ್ಲಿ ಹಿಡಿದು ಅದರೊಳಗೆ 'ಊ' ಅಂತ ಹಾಡಿದಾಗ ಬಾಯಲ್ಲಿ ಒಂದಿಷ್ಟು ಒತ್ತಡ ಹಿಂದಕ್ಕೆ ನಿಲ್ಲುತ್ತದೆ. ಅದರಿಂದ ಮಡಿಕೆಗಳು ಗಟ್ಟಿಯಾಗಿ ಬಡಿದುಕೊಳ್ಳದೆ ಮೆತ್ತಗೆ ಸೇರುತ್ತವೆ. ಇಂಗೊ ಟಿಟ್ಜೆ ಎಂಬ ಧ್ವನಿವಿಜ್ಞಾನಿ ಇದನ್ನು ಬಹಳ ಪ್ರಚಾರಕ್ಕೆ ತಂದರು. ಲೋಟದಲ್ಲಿ ನೀರಿಟ್ಟು ಎರಡು ಬೆರಳಷ್ಟು ಮುಳುಗಿಸಿ ಗುಳುಗುಳು ಅನ್ನಿಸಿದರೂ ಆಗುತ್ತದೆ. ಹಾಡುವ ಮುಂಚೆ ಐದು ನಿಮಿಷ ಸಾಕು. ಮಕ್ಕಳು ಗಾಡಿ ಆಟದಲ್ಲಿ ತುಟಿ ಅದುರಿಸಿ 'ಬುರ್ರ್' ಅನ್ನುತ್ತಾರಲ್ಲ, ಅದೂ ಇದೇ ಕೆಲಸ ಮಾಡುತ್ತದೆ, ಖರ್ಚಿಲ್ಲದೆ.

ದನಿ ಚೆನ್ನಾಗಿದೆ, ಅಕ್ಷರ ಸ್ಪಷ್ಟ ಇಲ್ಲ ಅಂತ ಜಡ್ಜ್ ಹೇಳಿದ್ರು. ಎಲ್ಲಿ ತಪ್ತಿದೀನಿ?

ನಮ್ಮ ಸೀಮೆಯವರ ಮೊದಲ ಕಾಯಿಲೆ ಹಕಾರ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು 'ಆಸ್ನ ಆಸ್ನ' ಅಂತ ಕೂಗಿದರೆ ಯಾರಿಗೂ ತೊಂದರೆ ಇಲ್ಲ. ಆದರೆ ಹಾಡಿನಲ್ಲಿ 'ಹಕ್ಕಿ ಹಾರಿತು' ಅನ್ನೋದು 'ಅಕ್ಕಿ ಆರಿತು' ಆದರೆ ಕವಿ ಏನು ಮಾಡಬೇಕು? ತಿದ್ದಲು ಹೊರಟವರು ಇನ್ನೊಂದು ಕೊನೆಗೆ ಹೋಗಿ 'ಹಾಕಾಶ' ಅನ್ನುತ್ತಾರೆ. ಹಕಾರಕ್ಕೆ ಒಂದು ಹನಿ ಗಾಳಿ ಸಾಕು. ಕೈಯನ್ನು ಬಾಯಿ ಮುಂದೆ ಹಿಡಿದು 'ಅಕ್ಕಿ, ಹಕ್ಕಿ' ಅನ್ನಿ, ಎರಡನೆಯದಕ್ಕೆ ಮಾತ್ರ ಸಣ್ಣಗೆ ಬಿಸಿ ತಾಗಬೇಕು. ಭ, ಘ, ಧ ಕೂಡ ಹಾಗೇ. ಒತ್ತಿ ಹೇಳಿದರೆ ಸಾಲಿನ ಉಸಿರೆಲ್ಲ ಅಲ್ಲೇ ಖಾಲಿ.

ಆಮೇಲೆ ಳಕಾರ. ನಾಲಿಗೆ ಮಡಿಸಿ ಮುಟ್ಟಿ ತಕ್ಷಣ ಬಿಡಬೇಕು. ಬಿಡದಿದ್ದರೆ ದನಿ ಗಂಟಲಿಗೆ ಸರಿಯುತ್ತದೆ, ಮಡಿಸದಿದ್ದರೆ 'ಬೆಳೆ' ಅನ್ನೋದು 'ಬೆಲೆ' ಆಗುತ್ತದೆ. ಎರಡಕ್ಕೂ ಎಷ್ಟು ದೂರ ಅಂತ ಕಾಫಿ ತೋಟದವರನ್ನು ಕೇಳಿ.

ಕನ್ನಡದಲ್ಲಿ ಹಾಡುವವರಿಗೆ ಒಂದು ದೊಡ್ಡ ಅನುಕೂಲ ಇದೆ. ನಮ್ಮ ಪದಗಳು ಹೆಚ್ಚುಕಡಿಮೆ ಎಲ್ಲ ಸ್ವರಾಕ್ಷರದಲ್ಲೇ ಮುಗಿಯುತ್ತವೆ: ಮಳೆ, ನದಿ, ಕಾಡು, ಮರ. ಎಳೆಯಲು ಹೇಳಿ ಮಾಡಿಸಿದ ಭಾಷೆ. ತೊಡಕು 'ಉ'ಕಾರದ್ದು. ಎತ್ತರದಲ್ಲಿ 'ಬಂತು' ಬಂದರೆ ಹೊಸಬರು 'ಬಂತೂಊ' ಅಂತ ಎಳೆದು ದನಿಯನ್ನು ಬಿಲಕ್ಕೆ ತೂರಿಸುತ್ತಾರೆ. ರಾಗ ಬಿಟ್ಟುಕೊಟ್ಟರೆ 'ಬ'ದಲ್ಲಿರುವ ಅಕಾರವನ್ನೇ ಎಳೆದು 'ಂತು' ಅನ್ನೋದನ್ನು ಕೊನೆಗೆ ಇಡಿ. ರಾಗ ಬಿಡದಿದ್ದರೆ ತುಟಿ ಸ್ವಲ್ಪ ಸಡಿಲಿಸಿ ಒಕಾರದ ಕಡೆ ವಾಲಿಸಿ. ಎತ್ತರದ 'ಈ' ಕೂಡ ಕಿರುಚಿದ ಹಾಗಾದರೆ ಎಕಾರದ ಕಡೆ ಒಂಚೂರು ತಿರುಗಿಸಿ. ಕೇಳುವವರಿಗೆ 'ಈ' ಅಂತಲೇ ಕೇಳಿಸುತ್ತದೆ.

## ದನಿಯ ಆರೋಗ್ಯ

ಚಳಿ, ಮಂಜು ಅಂದ್ರೆ ಗಂಟಲು ಕಟ್ಟುತ್ತೆ. ಕಾಫಿ ಬಿಡ್ಬೇಕಾ?

ಚಿಕ್ಕಮಗಳೂರಿನಲ್ಲಿ ನಿಂತು ಕಾಫಿ ಬಿಡಿ ಅಂದರೆ ನನಗೆ ಮನೆ ಬಾಡಿಗೆಗೆ ಸಿಗಲ್ಲ. ದಿನಕ್ಕೆ ಎರಡು ಲೋಟದಿಂದ ದನಿಗೆ ಹೇಳಿಕೊಳ್ಳುವ ತೊಂದರೆ ಇಲ್ಲ. ಹುಳಿತೇಗು, ಎದೆಯುರಿ ಇರುವವರು ಮಾತ್ರ ಹಾಡುವ ಮುಂಚೆ ಕುಡಿಯಬೇಡಿ, ರಾತ್ರಿ ಊಟ ಆದ ಕೂಡಲೇ ಮಲಗಬೇಡಿ. ಆ ಹುಳಿ ಮೇಲೆ ಬಂದು ಧ್ವನಿಪೆಟ್ಟಿಗೆಯನ್ನೇ ಸುಡುತ್ತದೆ.

ಇನ್ನು ಕಷಾಯ, ಜೇನುತುಪ್ಪ, ಬಿಸಿನೀರು. ಕುಡಿದದ್ದು ಯಾವುದೂ ಧ್ವನಿಮಡಿಕೆಗೆ ನೇರ ತಾಗುವುದಿಲ್ಲ. ತಾಗಿದರೆ ಕೆಮ್ಮು ಬರುತ್ತದೆ. ನೀರು ಹೊಟ್ಟೆಗೆ ಹೋಗಿ, ಮೈಗೆಲ್ಲ ಸೇರಿ, ಆಮೇಲೆ ಅಲ್ಲಿಗೆ ಬರಬೇಕು. ಅದಕ್ಕೇ ಸ್ಟೇಜಿನ ಪಕ್ಕ ನಿಂತು ಒಂದು ಬಾಟಲಿ ಕುಡಿದರೆ ಉಪಯೋಗ ಇಲ್ಲ, ಬೆಳಗಿನಿಂದ ಕುಡಿಯುತ್ತಿರಬೇಕು. ನೇರ ತಾಗುವುದು ಹಬೆ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಬರೀ ನೀರಿನ ಹಬೆ ಐದು ನಿಮಿಷ ತೆಗೆದುಕೊಳ್ಳಿ, ಮುಲಾಮು ಹಾಕಬೇಡಿ. ಕ್ಯಾಕರಿಸಿ ಗಂಟಲು ಸರಿ ಮಾಡಿಕೊಳ್ಳುವ ಚಟವನ್ನೂ ಬಿಡಿ. ಗುಟುಕು ನೀರು ನುಂಗಿದರೆ ಅದೇ ಕೆಲಸ ಆಗುತ್ತದೆ.

ಮಗನಿಗೆ ಹದಿಮೂರು. ಚೆನ್ನಾಗಿ ಹಾಡ್ತಿದ್ದ, ಈಗ ದನಿ ಒಡೀತಿದೆ. ನಿಲ್ಲಿಸ್ಬೇಕಾ?

ನಿಲ್ಲಿಸಬೇಡಿ, ಎತ್ತರದ ಹಾಡು ಮಾತ್ರ ನಿಲ್ಲಿಸಿ. ಧ್ವನಿಪೆಟ್ಟಿಗೆ ಬೆಳೆಯುತ್ತಿದೆ, ದನಿ ಸುಮಾರು ಒಂದು ಸ್ಥಾಯಿ, ಅಂದರೆ ಮೇಲಿನ 'ಸ'ದಿಂದ ಕೆಳಗಿನ 'ಸ'ದಷ್ಟು, ಕೆಳಗೆ ಇಳಿಯುತ್ತದೆ. ಅವನಿಗೆ ದಕ್ಕುವ ನಾಲ್ಕೈದು ಸ್ವರದಲ್ಲಿ ಹಾಡಲಿ. ನೆಂಟರ ಮುಂದೆ ಹಾಡಿಸಿ ನಗಿಸಬೇಡಿ. ಈ ವಯಸ್ಸಿನಲ್ಲಿ ಬಾಯಿ ಮುಚ್ಚಿದ ಹುಡುಗರು ಆಮೇಲೆ ಬಾಯಿ ಬಿಡುವುದೇ ಇಲ್ಲ.

ದನಿ ಕೂತು ಒಂದು ತಿಂಗಳಾಯ್ತು. ಪಿಸುಮಾತಲ್ಲೇ ಕಾಲ ತಳ್ತಿದೀನಿ. ಯಾವ ಸಾಧನೆ ಮಾಡ್ಲಿ?

ಯಾವ ಸಾಧನೆಯೂ ಬೇಡ, ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಮೂರು ವಾರ ದಾಟಿದ ಒರಟು ದನಿಯನ್ನು ಕ್ಯಾಮೆರಾ ಹಾಕಿ ನೋಡಿಸಬೇಕು. ಹಾಡುತ್ತಿದ್ದ ಹಾಗೆ ಫಕ್ಕನೆ ದನಿ ನಿಂತುಹೋದರೆ ಆ ಕ್ಷಣವೇ ಹಾಡು ನಿಲ್ಲಿಸಿ, ಬೇಗ ತೋರಿಸಿ. ಪಿಸುಗುಟ್ಟುವುದು ವಿಶ್ರಾಂತಿ ಅಲ್ಲ, ಎಷ್ಟೋ ಜನರಿಗೆ ಗಂಟಲು ಇನ್ನೂ ಬಿಗಿಯುತ್ತದೆ. ಮೆಲ್ಲಗೆ ಮಾತಾಡಿ, ಇಲ್ಲವೇ ಸುಮ್ನಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗಳನ್ನೂ ನೋಡುತ್ತಾರೆ. ನಮಗೆ ಅದು ದೂರ ಅಲ್ಲ.

## ಸ್ಟೇಜು, ಮೈಕು, ಸ್ವಂತ ದನಿ

ಮನೇಲಿ ಚೆನ್ನಾಗಿ ಬರುತ್ತೆ, ಆರ್ಕೆಸ್ಟ್ರಾದಲ್ಲಿ ಕಿರುಚಿದ ಹಾಗಾಗುತ್ತೆ. ಯಾಕೆ?

ನನಗೂ ಆಗಿದೆ. ಒಂದು ಗಣೇಶೋತ್ಸವ, ತಾಲ್ಲೂಕು ಕೇಂದ್ರ. ಹಿಂದೆ ಜನರೇಟರ್, ಪಕ್ಕದಲ್ಲಿ ಪ್ಯಾಡ್, ನನ್ನ ಮುಂದಿನ ಮಾನಿಟರ್ ಸ್ಪೀಕರ್ ಸತ್ತಿತ್ತು. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಎಂಟು ಹಾಡು ಕೂಗಿದೆ. ಮಾರನೇ ದಿನದಿಂದ ಎಂಟು ದಿನ ಮಾತೇ ಹೊರಡಲಿಲ್ಲ, ಹಾಡಿಗೊಂದು ದಿನ.

ಸುತ್ತ ಗದ್ದಲ ಇದ್ದಾಗ ಮನುಷ್ಯ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಲೊಂಬಾರ್ಡ್ ಎಂಬ ಫ್ರಾನ್ಸಿನ ವೈದ್ಯ 1911ರಲ್ಲಿ ಇದನ್ನು ಬರೆದಿಟ್ಟರು, ಅವರ ಹೆಸರಿನಿಂದಲೇ ಈಗಲೂ ಕರೆಯುತ್ತಾರೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಇದು ನಿಲ್ಲಲ್ಲ. ಕಿವಿಗೆ ನಿಮ್ಮ ದನಿ ಕೇಳಿಸಬೇಕು, ಅದೊಂದೇ ಮದ್ದು. ಸೌಂಡಿನವರ ಹತ್ತಿರ ಮಾನಿಟರಿಗೆ ಜಗಳ ಮಾಡಿ. ಸಿಗದಿದ್ದರೆ ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು ಹಾಡಿ. ಚೆನ್ನಾಗಿ ಕಾಣಲ್ಲ, ಆದರೆ ಮೂಳೆಯ ದಾರಿಯ ದನಿ ಜಾಸ್ತಿ ಆಗುತ್ತದೆ.

ಮೈಕ್ ಬಾಯಿಗೆ ಅಂಟಿಸ್ಬೇಕಾ, ದೂರ ಹಿಡೀಬೇಕಾ?

ಮೆಲ್ಲಗಿನ ಸಾಲಿಗೆ ಎರಡು ಬೆರಳು, ಎತ್ತರದ ಸಾಲಿಗೆ ಒಂದು ಗೇಣು. ಬಾಯಿಂದ ಇರುವ ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಕೈಯೇ ನಿಮ್ಮ ವಾಲ್ಯೂಮ್. ತೀರ ಹತ್ತಿರ ಹಿಡಿದರೆ ಸ್ಟೇಜಿನ ಮೈಕುಗಳಲ್ಲಿ ಕೆಳಗಿನ ದನಿ ತಾನಾಗಿ ದಪ್ಪ ಆಗುತ್ತದೆ. ಪ್ರೇಮಗೀತೆಗೆ ಅದು ಚೆಂದ, ವೇಗದ ಹಾಡಿಗೆ ಗೊಜ್ಜಾಗುತ್ತದೆ. 'ಪ', 'ಭ'ಗಳಿಗೆ ಡಬ್ ಅನ್ನುತ್ತಿದ್ದರೆ ಮೈಕನ್ನು ಬಾಯಿಯ ಒಂದು ಬದಿಗೆ ಓರೆ ಮಾಡಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ, ಹಿಂದಿನಿಂದ ಬರುವ ಸದ್ದನ್ನು ತಡೆಯುವ ಗುಣ ಹೋಗಿ ಕೂಯ್ ಅನ್ನುತ್ತದೆ.

ಮೆಲ್ಲಗೆ ಹಾಡುವ ಶೈಲಿಯೇ ಮೈಕಿನ ಮಗು. 1925ರಲ್ಲಿ ವಿದ್ಯುತ್ ಮೈಕಿನಿಂದ ರೆಕಾರ್ಡಿಂಗ್ ಶುರುವಾಗುವ ತನಕ ಹಾಡುವವರು ತುತ್ತೂರಿಯಂಥ ಕೊಳವೆಯೊಳಗೆ ಜೋರಾಗಿ ಹಾಡಬೇಕಿತ್ತು. ಪಿಸುಮಾತಿನಷ್ಟು ಹತ್ತಿರದ ಹಾಡು ಆಮೇಲೆ ಬಂದದ್ದು.

ನಾನು ಹಾಡಿದ್ರೆ 'ಅಶ್ವಥ್ ಥರಾನೇ ಇದೆ' ಅಂತಾರೆ. ಒಳ್ಳೇದಲ್ವಾ?

ಸಿ. ಅಶ್ವಥ್ ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದವರು. ಅವರ ಥರ ಅನ್ನಿಸಿಕೊಳ್ಳುವ ಆಸೆ ನಮ್ಮ ಕಡೆ ಹುಡುಗರಿಗೆ ಜಾಸ್ತಿ. ಎತ್ತರ, ಒರಟು, ತೆರೆದ ದನಿ. ಅದು ಅವರ ಗಂಟಲಿನ ಕಟ್ಟು. ನೀವು ಅದನ್ನು ಮಾಡುವುದು ಗಂಟಲು ತಿಕ್ಕಿ. ಒರಟು ಬರುತ್ತದೆ, ತೆರಪು ಬರಲ್ಲ. ಪಿ.ಬಿ. ಶ್ರೀನಿವಾಸ್ ರೇಷ್ಮೆಯಂಥ ಮೆತ್ತನೆ ದನಿಯಲ್ಲಿ ಹಾಡಿ ಗೆದ್ದರು. ಕಂಪನಿ ನಾಟಕದಿಂದ ಬಂದ ರಾಜ್‌ಕುಮಾರ್ ಅವರ ಹಾಡು ಕೇಳಿ: ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ನನಗೆ ಇವತ್ತಿಗೂ ಆಗಿಲ್ಲ.

ಅನುಕರಣೆಯಿಂದ ಕಲಿಯಬೇಕು, ನಿಜ. ಆದರೆ ದನಿ ತೆಗೆದುಕೊಳ್ಳಬೇಡಿ. ಎಲ್ಲಿ ಉಸಿರು ತೆಗೆದರು, ಯಾವ ಪದಕ್ಕೆ ಮುಂಚೆ ಒಂಚೂರು ತಡೆದರು, ಅದನ್ನು ತೆಗೆದುಕೊಳ್ಳಿ. ಒಂದು ಹಾಡನ್ನು ಮೂವರು ಬೇರೆ ಬೇರೆ ಗಾಯಕರಲ್ಲಿ ಕೇಳಿ, ಆಮೇಲೆ ಒಂದು ವಾರ ಯಾರನ್ನೂ ಕೇಳದೆ ಹಾಡಿ.

ಸಾಲಿನ ಕೊನೇಲಿ ದನಿ ಅಲುಗಿಸ್ತಾರಲ್ಲ, ಅದನ್ನ ಹೇಗೆ ಕಲಿಯೋದು?

ಅದು ವೈಬ್ರೇಟೊ. ಸೆಕೆಂಡಿಗೆ ಐದಾರು ಸಲ ಸ್ವರ ಮೆಲ್ಲಗೆ ತೂಗುತ್ತದೆ. ಗಂಟಲು ಸಡಿಲ ಇದ್ದು ಉಸಿರು ಸಮ ಇದ್ದರೆ ತಾನೇ ಬರುತ್ತದೆ. ಗಲ್ಲ ಅಲುಗಿಸಿ ತಂದದ್ದು ಮೇಕೆ ಕೂಗು. ಮೊದಲು ಸ್ವರವನ್ನು ನೇರ ನಿಲ್ಲಿಸಲು ಕಲಿಯಿರಿ.

ಸ್ಟುಡಿಯೋದಲ್ಲಿ ಎಲ್ಲ ಸರಿ ಮಾಡ್ತಾರಲ್ಲ, ಮತ್ಯಾಕೆ ಇಷ್ಟು ಕಷ್ಟ?

ಆಟೊಟ್ಯೂನ್ 1997ರಲ್ಲಿ ಬಂತು. ಈಗ ಸಣ್ಣ ಊರಿನ ಸ್ಟುಡಿಯೋದಲ್ಲೂ ಅಂಥದ್ದೊಂದು ಇರುತ್ತದೆ. ಜಾರಿದ ಸ್ವರವನ್ನು ಅದು ಎತ್ತಿ ಕೂರಿಸುತ್ತದೆ. ಬಿಗಿದ ಗಂಟಲನ್ನು ಸಡಿಲಿಸಲ್ಲ, 'ಅಕ್ಕಿ'ಯನ್ನು 'ಹಕ್ಕಿ' ಮಾಡಲ್ಲ. ಹೋದ ವರ್ಷ ಒಬ್ಬ ಹುಡುಗ ತನ್ನ ಹಾಡನ್ನು ಹಾಗೆ ತಿದ್ದಿಸಿಕೊಂಡು ಬಂದು ಕೇಳಿಸಿದ. ಸ್ವರ ಎಲ್ಲ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಅವನ ಅಮ್ಮ ಪಕ್ಕದಲ್ಲೇ ಕೂತಿದ್ದರು. 'ಚೆನ್ನಾಗಿದೆ ಕಣೋ, ಯಾರು ಹಾಡಿರೋದು?' ಅಂದರು.